ಕತ್ತೆಯ ಹಿಂದಿನ ಅರ್ಧ

"ಅಜ್ಜೀ, ದೇವರು ಟೋಪೀನೇ ತಗೊಂಡ್ಬಿಟ್ರು!"

ಶನಿವಾರ ಬೆಳಗ್ಗೆ ಹಲ್ಲೂ ಉಜ್ಜದೆ ಲಾವಣ್ಯ ಕಾಂಪೌಂಡ್ ಗೋಡೆಯ ಮುಂದೆ ನಿಂತು ಕೂಗುತ್ತಿದ್ದಳು. ಅಪ್ಪನ ಉಣ್ಣೆಯ ಮಂಕಿ ಕ್ಯಾಪನ್ನು ಮಲಗುವ ಮುಂಚೆ ಅವಳೇ ಆ ಗೋಡೆಯ ಮೇಲೆ ಇಟ್ಟಿದ್ದಳು. ಈಗ ಗೋಡೆ ಇದೆ, ಕ್ಯಾಪ್ ಇಲ್ಲ.

ಅಜ್ಜಿ ಕೊಂಡಮ್ಮ ಪೊರಕೆ ಹಿಡಿದೇ ಬಂದರು. "ದೇವರಿಗ್ಯಾಕಮ್ಮ ಮಂಕಿ ಕ್ಯಾಪು? ನಿಮ್ಮಪ್ಪ ಹಾಕ್ಕೊಂಡು ಕುಡುಮಲಕುಂಟೆ ಫ್ಯಾಕ್ಟರಿ ಶಿಫ್ಟಿಗೆ ಹೋದ. ಯಾರು ಒದ್ದೆ ಮಾಡಿದ್ದು ಅಂತ ಬೈಕೊಂಡೇ ಹೋದ."

"ಒದ್ದೆ ಆಗಿತ್ತಾ?" ಲಾವಣ್ಯ ಕುಣಿದೇಬಿಟ್ಟಳು. "ಹಂಗಾದ್ರೆ ದೇವರು ಮ್ಯಾಚಿಗೆ ಹೋಗು ಅಂದ್ರು!"

ಅಜ್ಜಿಗೆ ತಲೆಬುಡ ಅರ್ಥವಾಗಲಿಲ್ಲ. ಲಾವಣ್ಯ ಎಲ್ಲವನ್ನೂ ಹೇಳಬೇಕಾಯಿತು.

ಭಾನುವಾರ ನಾಲ್ಕು ಗಂಟೆಗೆ ಗೆಳತಿ ಶಿರೀಷಾಳ ಟೀಮಿನ ಥ್ರೋಬಾಲ್ ಫೈನಲ್. ಅದೇ ನಾಲ್ಕು ಗಂಟೆಗೆ ಚರ್ಚಿನಲ್ಲಿ ಮಕ್ಕಳ ಕ್ರಿಸ್‌ಮಸ್ ನಾಟಕ. ನಾಟಕದಲ್ಲಿ ಒಂದು ಕತ್ತೆ. ಕತ್ತೆಯ ಮುಂದಿನ ಅರ್ಧ ತಮ್ಮ ದಯಾಕರ, ಹಿಂದಿನ ಅರ್ಧ ಲಾವಣ್ಯ. ನಾಟಕಕ್ಕೆ ಅವಳು ಮೊದಲೇ ಒಪ್ಪಿದ್ದಳು. ಆಮೇಲೆ ಶಿರೀಷಾ ತನ್ನ ಟೀಮಿಗೆ ಆಡಲು ಕರೆದಾಗ ಅವಳಿಗೂ ಬಾಯ್ತುಂಬ "ಬರ್ತೀನಿ ಕಣೇ" ಅಂದಿದ್ದಳು.

ಎರಡು ದೋಣಿಯಲ್ಲಿ ಕಾಲಿಟ್ಟ ಮೇಲೆ ದೇವರ ನೆನಪಾಯಿತು. ಹಿಂದೆ ಯಾರೋ ಒಬ್ಬ ರಾತ್ರಿ ಉಣ್ಣೆಯನ್ನು ಹೊರಗಿಟ್ಟು ದೇವರ ಹತ್ತಿರ ಗುರುತು ಕೇಳಿದ್ದನಂತೆ. ಚರ್ಚಿನ ಸಂಡೇಸ್ಕೂಲಿನಲ್ಲಿ ಆ ಬೈಬಲ್ ಕತೆ ಹೇಳಿದ್ದರು. ಇವರ ಮನೆಯಲ್ಲಿದ್ದ ಉಣ್ಣೆ ಅಂದರೆ ಅಪ್ಪನ ಕ್ಯಾಪ್ ಒಂದೇ.

"ಒದ್ದೆಯಾದ್ರೆ ಮ್ಯಾಚು, ಒಣಗಿದ್ರೆ ಕತ್ತೆ ಅಂತ ಪ್ರಾರ್ಥನೆ ಮಾಡ್ದೆ ಅಜ್ಜಿ."

ಅಜ್ಜಿ ಪೊರಕೆ ಕೆಳಗಿಟ್ಟರು. "ಅಲ್ವೇ, ಡಿಸೆಂಬರಲ್ಲಿ ನಮ್ ಗೌರಿಬಿದನೂರಲ್ಲಿ ಮಂಜು ಬೀಳ್ದೆ ಇರೋ ರಾತ್ರಿ ಯಾವ್ದಮ್ಮ? ಆ ಗೋಡೆ ಮೇಲೆ ನನ್ನ ಕೂರಿಸಿದ್ರೂ ಒದ್ದೆ ಆಗಿರ್ತಿದ್ದೆ. ಆನ್ಸರ್ ನೀನೇ ಬರ್ಕೊಂಡು, ಸೈನ್ ಮಾತ್ರ ದೇವರತ್ರ ಹಾಕಿಸ್ಕೊಳ್ತೀಯಾ?"

ಲಾವಣ್ಯಳ ಮುಖ ಸಣ್ಣದಾಯಿತು. "ಮತ್ತೆ ಹೆಂಗಜ್ಜಿ ಕೇಳೋದು?"

"ಕೇಳ್ಬಿಟ್ಟು ಸುಮ್ನೆ ಕೂತ್ಕೋ. ನೀನು ಬಾಯಿ ಮುಚ್ಚಿದ್ರೆ ತಾನೆ ದೇವರು ಮಾತಾಡೋದು!"

ಲಾವಣ್ಯ ಮೆಟ್ಟಿಲ ಮೇಲೆ ಕೂತು ಕಣ್ಣು ಮುಚ್ಚಿದಳು. "ಹೇಳಪ್ಪಾ ದೇವರೇ." ಆಕಾಶದಿಂದ ಏನೂ ಕೇಳಿಸಲಿಲ್ಲ. ಮನೆಯೊಳಗಿಂದ ಮಾತ್ರ ದಡಾರ್ ಎಂದು ಸದ್ದಾಯಿತು. ಕತ್ತೆಯ ಮೈಗೆಂದು ಹೊದ್ದ ಬೆಡ್‌ಶೀಟು ಎಳೆದುಕೊಂಡು ದಯಾಕರ ಹೊರಗೆ ಬಂದ.

"ಅಕ್ಕಾ! ಹಿಂದೆ ಯಾರೂ ಇಲ್ದೆ ಬೆಡ್‌ಶೀಟು ಕಾಲಿಗೆ ಸಿಕ್ಕಾಕೊಳ್ತಿದೆ!"

"ಸ್ವಲ್ಪ ಇರೋ, ದೇವರ ಮಾತು ಕೇಳಿಸ್ಕೊತಿದ್ದೀನಿ."

"ಏನಂತೆ?"

ಲಾವಣ್ಯ ಒಂದು ಕಣ್ಣು ಬಿಟ್ಟಳು. ಎದುರಿಗೆ ರಟ್ಟಿನ ತಲೆ ಹೊತ್ತ ಅರ್ಧ ಕತ್ತೆ ಎರಡೇ ಕಾಲಿನಲ್ಲಿ ನಿಂತಿತ್ತು. ಉಳಿದ ಅರ್ಧ ನೆಲದ ಮೇಲೆ ಬಿದ್ದಿತ್ತು. ಅವಳಿಗೆ ನಗು ಬಂತು. ಹಿಂದೆಯೇ ಪಾಪ ಅನ್ನಿಸಿತು. ಎದ್ದು ಚಪ್ಪಲಿ ಮೆಟ್ಟಿಕೊಂಡು ಶಿರೀಷಾಳ ಮನೆಗೆ ಹೊರಟಳು.

"ನಾಳೆ ಮ್ಯಾಚಿಗೆ ಬರಲ್ಲ ಕಣೇ. ಚರ್ಚಲ್ಲಿ ನಾನು ಕತ್ತೆ. ಮೊದ್ಲೇ ಒಪ್ಪಿದ್ದೆ. ನಿಂಗೆ ಅವತ್ತೇ ಹೇಳ್ಬೇಕಿತ್ತು, ಸಾರಿ."

"ಕತ್ತೆಗೋಸ್ಕರ ನಮ್ಮನ್ನ ಬಿಡ್ತೀಯಾ?" ಶಿರೀಷಾ ಕೆಂಪಾದಳು. "ಹೋಗು. ನಿನ್ ಬದ್ಲು ಕಲ್ಯಾಣಿನ ಟೀಮಿಗೆ ಕರ್ಕೊಳ್ತೀನಿ. ನನ್ನ ಮಾತಾಡಿಸ್ಬೇಡ."

ಬಾಗಿಲು ಮುಚ್ಚಿತು. ಸರಿಯಾದದ್ದನ್ನು ಮಾಡಿದರೆ ಖುಷಿಯಾಗುತ್ತದೆ ಎಂದುಕೊಂಡಿದ್ದ ಲಾವಣ್ಯ ದಾರಿಯುದ್ದಕ್ಕೂ ಅತ್ತಳು.

ಭಾನುವಾರ ಬೆಡ್‌ಶೀಟಿನೊಳಗೆ ಒಂದೇ ಸೆಕೆ. ದಯಾಕರನ ಸೊಂಟ ಹಿಡಿದು ಬಗ್ಗಿ ಬಗ್ಗಿ ಲಾವಣ್ಯಳ ಬೆನ್ನು ನೋಯುತ್ತಿತ್ತು. ಕತ್ತೆಯ ಮುಂಭಾಗ ಎಡಕ್ಕೆ ಹೋಯಿತು, ಹಿಂಭಾಗ ಬಲಕ್ಕೆ ಹೋಯಿತು. ಚರ್ಚಿಗೆ ಚರ್ಚೇ ಬಿದ್ದು ಬಿದ್ದು ನಕ್ಕಿತು. ದಯಾಕರ ಹೆದರಿ ಅಲ್ಲೇ ನಿಂತುಬಿಟ್ಟ.

ನಾಳೆ ಶಿರೀಷಾಳನ್ನು ಹೇಗೆ ಸಮಾಧಾನ ಮಾಡುವುದೋ ಲಾವಣ್ಯಳಿಗೆ ಗೊತ್ತಿರಲಿಲ್ಲ. ಈ ಹೊತ್ತಿಗೆ ತನ್ನ ಜಾಗ ಇದೇ ಎಂಬುದು ಮಾತ್ರ ಗೊತ್ತಿತ್ತು.

"ಅಕ್ಕಾ," ಮುಂದಿನ ಅರ್ಧದಿಂದ ಸಣ್ಣ ಪಿಸುಮಾತು ಬಂತು. "ಇದ್ದೀಯಾ?"

"ಇದ್ದೀನಿ ಕಣೋ. ನಡಿ."

ಕತ್ತೆ ನಡೆಯಿತು.