ಅವಳ ಬದಿಯ ಓದು

ಕುಮಟೆಯಲ್ಲಿ ಮೂರು ವಾರ ಮೌಲ್ಯಮಾಪನ ಮುಗಿಸಿ ಗೀತಾಂಜಲಿ ಹೊನ್ನಾವರದ ಕಾಲೇಜಿಗೆ ಮರಳಿದಾಗ, ಗಣಿತ ವಿಭಾಗದ ಮೇಜಿನ ಮೇಲೆ ಅವಳ ಮತ್ತು ಸಹೋದ್ಯೋಗಿ ಕೃಷ್ಣಾನಂದನ ನೋಟ್‌ಬುಕ್ ತೆರೆದೇ ಇತ್ತು. ಒಳಗಿನ ಅಕ್ಷರ ಮಾತ್ರ ಅವರಿಬ್ಬರದೂ ಅಲ್ಲ.

ತರ್ಕವನ್ನು ವೃತ್ತ ಮತ್ತು ಅಕ್ಷರಗಳ ಚಿತ್ರವಾಗಿ ಬರೆಯುವ ವಿಧಾನವೊಂದಿದೆ. ವೃತ್ತದೊಳಗೆ ಹಾಕಿದ್ದು ‘ಅಲ್ಲ’. ಅಕ್ಕಪಕ್ಕ ನಿಂತ ಎರಡು ಅಕ್ಷರ ಒಂದು ಓದಿನಲ್ಲಿ ‘ಅದು ಮತ್ತು ಇದು’, ಇನ್ನೊಂದರಲ್ಲಿ ‘ಅದು ಅಥವಾ ಇದು’. ಖಾಲಿ ಹಾಳೆ ಕೂಡ ಒಬ್ಬರಿಗೆ ಸತ್ಯ, ಇನ್ನೊಬ್ಬರಿಗೆ ಸುಳ್ಳು. ಓದನ್ನು ಮಗುಚಿದಾಗ ಯಾವ ಅರ್ಥ ಎಲ್ಲಿಗೆ ಹೋಗುತ್ತದೆ, ಯಾವುದು ಅಲುಗದೆ ನಿಲ್ಲುತ್ತದೆ ಎಂದು ಗ್ರೂಪ್ ಸಿಮೆಟ್ರಿ ಎಂಬ ಗಣಿತದಿಂದ ಕಂಡುಹಿಡಿಯುವ ಪ್ರಬಂಧ ಅವರದು.

ಎರಡು ವರ್ಷದಿಂದ ಪ್ರತಿ ಶನಿವಾರ ಎದುರುಬದುರು ಕೂತು ಒಂದೇ ಚಿತ್ರವನ್ನು ಜೋರಾಗಿ ಓದುತ್ತಿದ್ದರು. ಅವನದು ಯಾವಾಗಲೂ ‘ಮತ್ತು’, ಅವಳದು ಯಾವಾಗಲೂ ‘ಅಥವಾ’. ಬೇರೆ ಮಾತು ಇಬ್ಬರ ಬಾಯಲ್ಲೂ ಬಂದಿರಲಿಲ್ಲ. ಶನಿವಾರ ತನ್ನದು ಎಂಬ ಧೈರ್ಯದಲ್ಲೇ ಅವಳು ಇದ್ದುಬಿಟ್ಟಿದ್ದಳು.

“ಬಂದ್ರಾ ಮೇಡಂ?” ಕಾಯ್ಕಿಣಿಯಿಂದ ಬರುವ ಹೊಸ ಗೆಸ್ಟ್ ಲೆಕ್ಚರರ್ ಪ್ರಣಿತಾ ಚಹಾ ಲೋಟ ಹಿಡಿದು ನಕ್ಕಳು. ಕೆನ್ನೆಯಲ್ಲಿ ಗುಳಿ ಬಿತ್ತು. ಆ ಗುಳಿಯನ್ನು ಗೀತಾಂಜಲಿ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡಿದಳು.

“ಅಕ್ಷರ ಚೆಂದ ಇದೆ. ಎರಡೂ ಬದಿ ನೀನೇ ಬರೆದದ್ದಾ?”

“ಹೌದು ಮೇಡಂ. ಸರ್ ಹೇಳೂದು, ನಾ ಬರೆಯೂದು.”

ಪುಟದ ಬಲಬದಿ ಅವಳ ಓದಿನದು. ಅಲ್ಲಿ ಒಂದು ಸಾಲೂ ಖಾಲಿ ಉಳಿದಿರಲಿಲ್ಲ. ಎರಡು ಅಕ್ಷರಗಳಿಂದ ಹುಟ್ಟುವ ಹದಿನಾರು ಅರ್ಥಗಳಲ್ಲಿ ಹನ್ನೆರಡಕ್ಕೆ ಜೋಡಿ ಸಿಕ್ಕಿತ್ತು. ನಾಲ್ಕು ಒಂಟಿ, ಮಗುಚಿದರೂ ಅಲುಗದವು. ಆ ನಾಲ್ಕರ ಮೇಲೆ ಅವಳಿಗೆ ಅಕ್ಕರೆ ಬಂತು.

ಕೃಷ್ಣಾನಂದ ಒಳಗೆ ಬಂದವನು ಬಾಗಿಲಲ್ಲೇ ನಿಂತ. “ಎಂತ ಮಾರಾಯ್ತಿ, ಕುಮಟೆಯಲ್ಲೇ ಉಳಿದ್ಬಿಟ್ಟೆ ಅಂದ್ಕಂಡಿದ್ದೆ.”

“ನಾ ಇಲ್ದಿದ್ರೂ ಕೆಲಸ ನಡೆದದೆಯಲ್ಲ.”

“ನಡೀತು.”

ಅಷ್ಟು ಸಲೀಸಾಗಿ ಹೇಳಬೇಕಿತ್ತೇ? ಅವನು ಹೋಗಿ ಕಿಟಕಿ ಬದಿಯ ಕುರ್ಚಿಯಲ್ಲಿ ಕೂತ. ಅದು ಅವಳ ಕುರ್ಚಿ. ಪ್ರಣಿತಾ ಅವನೆದುರು ಕೂತಳು. ಗೀತಾಂಜಲಿ ಬ್ಯಾಗನ್ನು ಹೆಗಲಿನಿಂದ ಇಳಿಸಲೇ ಇಲ್ಲ.

“ಕೂತ್ಕ,” ಎಂದ ಅವನು.

“ಬಸ್ಸಿದೆ. ನೀವೇ ಓದಿ, ಒಂದು ಕೇಳಿ ಹೋಗ್ತೆ.” ಇನ್ನು ಬರುವುದಿಲ್ಲ ಎಂದು ಮನಸ್ಸಿನಲ್ಲೇ ತೀರ್ಮಾನಿಸಿಯಾಗಿತ್ತು. ತನ್ನ ಓದು ಇನ್ನೊಬ್ಬಳ ಬಾಯಲ್ಲಿ ಹೇಗಿರುತ್ತದೆ ಎಂದು ಒಮ್ಮೆ ಕೇಳಬೇಕಿತ್ತು, ಅಷ್ಟೆ.

ಪ್ರಣಿತಾ ಚಿತ್ರ ಬರೆದಳು. ಎರಡು ಅಕ್ಷರ, ಸುತ್ತ ಒಂದು ವೃತ್ತ.

“ಅದು ಮತ್ತು ಇದು, ಎರಡೂ ಒಟ್ಟಿಗೆ ನಿಜ ಅಲ್ಲ,” ಎಂದು ಓದಿದಳು.

ಗೀತಾಂಜಲಿ ತಲೆಯೆತ್ತಿದಳು. ಅದು ಕೃಷ್ಣಾನಂದನ ಓದು.

ಅವನು ತಡವರಿಸಿದ. “ಅದು... ಅಥವಾ ಇದು ನಿಜ ಅಂಬುದು ಸುಳ್ಳು. ಅಂದ್ರೆ ಎರಡೂ ಇಲ್ಲ.”

“ಸರ್ ಯಾವಾಗ್ಲೂ ತಪ್ತ್ರು ಮೇಡಂ,” ಪ್ರಣಿತಾ ಬಾಯಿಗೆ ಕೈ ಅಡ್ಡ ಹಿಡಿದಳು. “ತಪ್ಪಿದಾಗೆಲ್ಲ ‘ಗೀತಾ ಆದ್ರೆ ಹ್ಯಾಂಗೆ ಓದ್ತಿದ್ಲು’ ಹೇಳಿ ಕಣ್ಮುಚ್ಕಂಡು ಕೂರೂದು. ನಂಗೆ ಬರೆದು ಮುಗಿಸೂಕೆ ಸಂಜೆಯಾಗೂದು.”

“ನೀ ಯಾಕೆ ನನ್ನ ಬದಿ ಓದಿದ್ದು?” ಗೀತಾಂಜಲಿಯ ದನಿ ಸಣ್ಣದಾಗಿತ್ತು.

ಅವನು ಪೆನ್ನಿನ ಮುಚ್ಚಳ ತೆಗೆದ, ಹಾಕಿದ. “ಎರಡು ಬಾಯಿ ಬೇಕಿತ್ತು. ನನ್ನ ಬದಿಗೆ ಯಾರಾದ್ರೂ ಅಡ್ಡಿಲ್ಲ. ನಿನ್ನ ಬದಿಗೆ ಬೇರೆಯವರನ್ನ ಕೂರಿಸೂಕೆ ಮನಸ್ಸಾಗ್ಲಿಲ್ಲ. ಹಂಗಾಗಿ ನಾನೇ ಕೂತೆ.”

ಪ್ರಣಿತಾ ತುಂಬಿದ ಲೋಟವನ್ನೇ ಎತ್ತಿಕೊಂಡು, ಚಹಾ ತರುತ್ತೇನೆಂದು ಹೊರಗೆ ಹೋದಳು.

“ಇಲ್ಲಿಂದ ನೋಡಿದ್ರೆ,” ಅವನು ಮೇಜಿನತ್ತಲೇ ನೋಡುತ್ತ ಹೇಳಿದ, “ಎದುರಿನ ಕುರ್ಚಿ ಬಿಟ್ಟು ಬೇರೆಂತದೂ ಕಾಣೂದಿಲ್ಲ. ಎರಡು ವರ್ಷ ನೀ ನನ್ನೇ ನೋಡ್ಬೇಕಾಗಿತ್ತು ಪಾಪ.”

“ನಾ ಎಂತಕ್ಕೆ ನಿನ್ನ ನೋಡ್ಲಿ? ಚಿತ್ರ ನೋಡ್ತಿದ್ದೆ.”

“ಹೌದಾ?”

ಅವಳು ಬ್ಯಾಗಿನ ಪಟ್ಟಿಯನ್ನು ಹೆಗಲ ಮೇಲೆ ಸರಿಪಡಿಸಿಕೊಂಡಳು. ಕಿವಿ ಬಿಸಿಯಾಗಿತ್ತು.

“ಏಳು,” ಎಂದಳು ಕೊನೆಗೆ. “ಅದು ನನ್ನ ಕುರ್ಚಿ.”

“ಏಳೂದಿಲ್ಲ. ಮನೆಯಲ್ಲಿ ನಿನ್ನ ವಿಷ್ಯ ಹೇಳಿ ಆತು. ನಿಮ್ಮಲ್ಲಿಗೆ ಯಾವಾಗ ಬರೂದು ಹೇಳಿ ಅಪ್ಪ ಕೇಳ್ತ್ರು. ನೀ ಹೇಳ್ದೆ ನಾ ಏಳೂದಿಲ್ಲ.”

ಗೀತಾಂಜಲಿ ಬ್ಯಾಗನ್ನು ಇಳಿಸಿ ನೆಲಕ್ಕಿಟ್ಟಳು. ಎದುರಿನ ಕುರ್ಚಿಯನ್ನು ಎಳೆದು ತಂದು, ಅವನ ಮೊಣಕೈಗೆ ತಾಗುವಷ್ಟು ಹತ್ತಿರ ಹಾಕಿಕೊಂಡು ಕೂತಳು.

“ಶನಿವಾರ ಬಿಟ್ಟು ಯಾವಾಗಾದ್ರೂ ಬರ್ಲಿ,” ಎಂದಳು. “ಶನಿವಾರ ನಮಗೆ ಕೆಲಸ ಅದೆ.”