ಗಾಜಿನ ಲಾರಿ ಒದೆಯುವುದೇಕೆ?

ಹಲಗೆಯ ಚೌಕಟ್ಟಿಗೆ ಒರಗಿಸಿದ್ದ ಗಾಜುಗಳಲ್ಲಿ ಕೊನೆಯದು ಮೂಲೆಯಿಂದ ಮೂಲೆಗೆ ಸೀಳಿತ್ತು.

ಲಾರಿಯ ಹಿಂಬಾಗಿಲು ತೆಗೆದ ಮಗಳು ಅದನ್ನು ನೋಡಿ ಮೂಕಳಾದಳು. ಪಕ್ಕದ ಸೀಟಿನಿಂದ ಕುಂಟುತ್ತ ಇಳಿದು ಬಂದ ಅಪ್ಪ ಅವಳ ಪಾಲಿನ ಮಾತನ್ನೂ ಸೇರಿಸಿ ಆಡಿದರು.

"ಗಾಜಿನ ಅಂಗಡಿಯವನ ಮಗಳು ನೀನು! ಲಾರಿ ಓಡಿಸ್ತೀಯೋ, ಒದೀತೀಯೋ?"

"ನಾನಲ್ಲಪ್ಪ. ಏರಿನಲ್ಲಿ ಗೇರ್ ಬದಲಾಗುವಾಗ ಅದೇ ಒದೀತು."

"ತಾನಾಗೇ ಗೇರ್ ಹಾಕ್ಕೊಳ್ಳೋ ಗಾಡಿ ಇದು. ನಿನ್ನೆ ನಾನೊಬ್ಬನೇ ಇದೇ ಏರು ಹತ್ತಿಸಿದೆ. ಒಂದು ಜರ್ಕೂ ಇಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ನಾಳೆಯಿಂದ ಬೇರೆ ಡ್ರೈವರ್ ಬರ್ತಾನೆ. ನೀನು ಗಲ್ಲಾದಲ್ಲಿ ಕೂತ್ಕೋ."

ಅಪ್ಪನ ಮಂಡಿ ಕೈಕೊಟ್ಟ ಮೇಲೆ ಅವಳು ಹಟ ಹಿಡಿದು ಪಡೆದ ಡ್ರೈವರ್ ಸೀಟು ಅದು. ಆ ಮುದಿ ಡೀಸೆಲ್ ಲಾರಿಯ ಕೆಮ್ಮು, ಗೊಣಗಾಟ ಎಲ್ಲವೂ ಅವಳಿಗೆ ಇಷ್ಟ. ಅದು ತನ್ನನ್ನೇ ಹೀಗೆ ಸಿಕ್ಕಿಹಾಕಿಸಿತಲ್ಲ ಎಂದು ಅಳು ಬಂತು. ಅಳುತ್ತ ಕೂರುವ ಜಾಯಮಾನ ಅವಳದಲ್ಲ. ಅಪ್ಪನನ್ನೂ ಕೂರಿಸಿಕೊಂಡು ಲಾರಿಯನ್ನು ನೇರ ಸೋದರತ್ತೆಯ ಗ್ಯಾರೇಜಿಗೆ ತಂದಳು.

ಅತ್ತೆ ಆ ಗೇರ್‌ಬಾಕ್ಸನ್ನು ಕಳೆದ ಬೇಸಿಗೆಯಲ್ಲಿ ತಾನೇ ಬಿಚ್ಚಿ ಕಟ್ಟಿದ್ದಳು. ಎಲ್ಲ ಕೇಳಿ, ಕೈ ಒರೆಸಿಕೊಂಡಳು.

"ಹಾಗಾದ್ರೆ ತಪ್ಪು ಒಂದೋ ನಿನ್ನ ಕಾಲಿಂದು, ಇಲ್ಲಾ ನನ್ನ ಕೈಯದು. ಇಬ್ಬರ ಮಾನವೂ ಒಂದೇ ಲಾರೀಲಿದೆ. ನಡಿ."

ಮೊದಲು ಗೇರ್‌ಬಾಕ್ಸಿನ ಎಣ್ಣೆ. ಇಂಜಿನ್ ಓಡುತ್ತಿರುವಾಗಲೇ ಅತ್ತೆ ಅಳತೆಕಡ್ಡಿ ಎಳೆದು ನೋಡಿದಳು, ಮೂಸಿದಳು. ಅಳತೆ ಸರಿ, ಸುಟ್ಟ ವಾಸನೆ ಇಲ್ಲ. ಆಮೇಲೆ ಏರು. ಮಗಳು ಓಡಿಸಿದಳು, ಅತ್ತೆ ಪಕ್ಕದಲ್ಲಿ ಕೂತಳು, ಅಪ್ಪ ಗ್ಯಾರೇಜಿನಲ್ಲೇ ಉಳಿದರು. ಲಾರಿ ಒಳ್ಳೆಯ ಸೊಸೆಯ ಹಾಗೆ ಸದ್ದಿಲ್ಲದೆ ಗೇರು ಬದಲಿಸುತ್ತ ಹತ್ತಿತು.

"ಅಯ್ಯೋ, ಈಗ ಒದೀಬೇಕಿತ್ತು!" ಎಂದಳು ಮಗಳು.

"ಸಾಕು, ತಿರುಗಿಸು. ಚಳಿಗೆ ಕಾಲ್ಬೆರಳು ಸೆಟೆದುಹೋದ್ವು," ಎಂದು ಅತ್ತೆ ಹವಾಯಿ ಚಪ್ಪಲಿಯ ಕಾಲನ್ನು ಉಜ್ಜಿಕೊಂಡಳು. "ಒದ್ದಾಗೆಲ್ಲ ಒಳಗೆ ಯಾರಿದ್ರು?"

"ನಾನು, ಅಪ್ಪ."

"ನೀನೊಬ್ಬಳೇ ಇದ್ದಾಗ?"

"ಒಬ್ಬಳನ್ನೇ ಯಾವತ್ತು ಬಿಟ್ಟಿದ್ದಾರೆ? ಪಕ್ಕದಲ್ಲಿ ಅವರು ಇದ್ದೇ ಇರ್ತಾರೆ."

"ಓಹೋ! ಹಾಗಾದ್ರೆ ಅಣ್ಣನ್ನೂ ಹತ್ತಿಸ್ಕೊಳ್ಳೋಣ."

ಅಪ್ಪ ಗೊಣಗುತ್ತ ಹತ್ತಿದರು. ಅತ್ತೆ ನಡುವೆ ಸರಿದಳು. ಅದೇ ರಸ್ತೆ, ಅದೇ ಏರು. ಮಗಳ ಕಣ್ಣು ರಸ್ತೆಯ ಮೇಲೆ, ಕಾಲು ಹೂ ಮುಟ್ಟಿದ ಹಾಗೆ ಪೆಡಲಿನ ಮೇಲೆ. ಆದರೂ ಇಂಜಿನ್ ಅರಚಿತು. ಗೇರು ಬೀಳದು — ಬೀಳದು — ಧಡ್!

"ನೋಡಿದ್ಯಾ? ನೋಡಿದ್ಯಾ?" ಅಪ್ಪ ಗೆದ್ದವರಂತೆ ಕೂಗಿದರು.

ಅತ್ತೆ ತನ್ನ ಚಪ್ಪಲಿಯನ್ನೇ ನೋಡುತ್ತಿದ್ದಳು.

"ನಿಲ್ಲಿಸು ಪುಟ್ಟಿ. ಈಗ ನನ್ನ ಕಾಲ್ಬೆರಳು ಹೇಗಿವೆ, ಕೇಳು."

"ಹೇಗಿವೆ ಅತ್ತೆ?"

"ಬೆಚ್ಚಗಿವೆ. ಹೀಟರಿನ ಬಿಸಿಗಾಳಿ ಕೆಳಗೆ ಬಿಟ್ಟಿದ್ದು ಯಾರು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅಪ್ಪನ ಕೈ ತಾನಾಗಿ ಮಂಡಿಗೆ ಹೋಯಿತು.

"ಸುಮ್ಮನೆ ಕೂತ್ರೆ ಮಂಡಿ ಹಿಡ್ಕೊಳ್ಳುತ್ತೆ ಕಣೇ," ಎಂದರು. "ನಾನೇ ಓಡಿಸುವಾಗ ಹಾಕ್ಕೊಳ್ಳಲ್ಲ. ಬಿಸಿಗೆ ನಿದ್ದೆ ಬರುತ್ತೆ. ಅದಕ್ಕೂ ಗೇರಿಗೂ ಏನು ಸಂಬಂಧ?"

"ಒಂದೇ ತಾಯಿ ಮಕ್ಕಳ ಸಂಬಂಧ. ಇಂಜಿನ್ ಪಕ್ಕದ ಪಂಪು ಒಂದು ರಬ್ಬರ್ ಕೊಳವೆಯಿಂದ ಗಾಳಿ ಹೀರ್ತಾ ಇರುತ್ತೆ. ಆ ಎಳೆತ ನೋಡಿ ಗೇರ್‌ಬಾಕ್ಸು ಭಾರ ಎಷ್ಟಿದೆ ಅಂತ ತಿಳ್ಕೊಳ್ಳುತ್ತೆ. ಎಳೆತ ಸಡಿಲಾದ್ರೆ ಭಾರ ಹೆಚ್ಚಾಯ್ತು ಅಂದ್ಕೊಂಡು ತಡವಾಗಿ, ಜೋರಾಗಿ ಗೇರ್ ಹಾಕುತ್ತೆ. ಅದೇ ಪಂಪಿನ ಇನ್ನೊಂದು ಕವಲು ಬಿಸಿಗಾಳಿಯ ಮುಚ್ಚಳಕ್ಕೆ ಹೋಗುತ್ತೆ. ಗುಂಡಿಯನ್ನ ಕಾಲಿನ ಕಡೆ ತಿರುಗಿಸಿದಾಗ ಮಾತ್ರ ಆ ಕವಲು ತೆರ್ಕೊಳ್ಳೋದು."

ಮಾತಾಡುತ್ತಲೇ ಅವಳು ಬಗ್ಗಿ, ಡ್ಯಾಶ್‌ಬೋರ್ಡಿನಡಿ ಕೈ ತೂರಿಸಿ, ಸಣ್ಣ ಕೊಳವೆಯೊಂದನ್ನು ಎಳೆದು ಬಾಗಿಸಿ ತೋರಿಸಿದಳು. ಉದ್ದಕ್ಕೂ ಬಿರುಕು.

"ಗುಂಡಿ ತಿರುಗಿಸಿದಾಗೆಲ್ಲ ಎಳೆತ ಇಲ್ಲಿಂದ ಸೋರಿಹೋಗುತ್ತೆ. ಇವಳ ಕಾಲೂ ಅಲ್ಲ, ನನ್ನ ಕೈಯೂ ಅಲ್ಲ. ನಾನೂ ಬರೀ ಗೇರ್‌ಬಾಕ್ಸಿನ ಯೋಚನೇಲೇ ಇದ್ದೆ. ಗಾಜು ಒಡೆದಿದ್ದು ನಿನ್ನ ಮಂಡಿ ಅಣ್ಣ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆಯೋಕೆ ಹೊರಟಿದ್ಯಲ್ಲ!"

ಅಪ್ಪ ಕೈಚಾಚಿ ಬಿಸಿಗಾಳಿಯ ಗುಂಡಿಯನ್ನು ಮೆಲ್ಲಗೆ ತಿರುಗಿಸಿ ಆರಿಸಿದರು. ಮಗಳಿಗೆ ಸಿಟ್ಟು ಬರಬೇಕಿತ್ತು. ಆದರೆ ಅಷ್ಟು ದಿನ ನೋವನ್ನು ಬಾಯಿಬಿಡದೆ ತನ್ನ ಪಕ್ಕ ಕೂತಿದ್ದರಲ್ಲ ಎಂದು ಮರುಕ ಬಂತು.

ಹೊಸ ಕೊಳವೆ ಹಾಕಿದ ಮೇಲೆ ಕಾಲಿಗೆ ಬಿಸಿಗಾಳಿ ಬಿಟ್ಟರೂ ಲಾರಿ ಒದೆಯಲಿಲ್ಲ.

ಮರುದಿನ ಗಾಜು ತುಂಬಿಸಿ ಮಗಳು ಇಂಜಿನ್ ಚಾಲೂ ಮಾಡಿದಳು. ಅಪ್ಪ ಎಂದಿನಂತೆ ಬಂದು ಪಕ್ಕದ ಬಾಗಿಲು ತೆಗೆದರು, ಒಂದು ಕಾಲು ಮೆಟ್ಟಿಲ ಮೇಲಿಟ್ಟರು.

"ಹತ್ತಪ್ಪ. ಗಾಳಿ ಬೆಚ್ಚಗಿದೆ."

ಅವರು ಕಾಲನ್ನು ಕೆಳಗಿಟ್ಟು, ಬಾಗಿಲನ್ನು ಹೊರಗಿನಿಂದ ಮುಚ್ಚಿದರು.

"ಆ ಡ್ರೈವರಿಗೆ ಬೇಡ ಅಂದಿದ್ದೀನಿ. ನೀನೊಬ್ಬಳೇ ಹೋಗಿ ಬಾ," ಎಂದರು. "ಗಲ್ಲಾದಲ್ಲಿ ನಾನು ಕೂತ್ಕೋತೀನಿ."