ಬೆನ್ನು ತೋರದೆ ಇಳಿದವನು

ಶಿರಹಟ್ಟಿಯ ಆಚೆ, ಗುಡ್ಡದ ದರ್ಗಾದ ಮೆಟ್ಟಿಲ ಬುಡದಲ್ಲಿ ಗೌಸಸಾಬ ಅಂಗಾತ ಬಿದ್ದಿದ್ದ. ತಲೆಯ ಹಿಂಭಾಗ ಒಡೆದಿತ್ತು. ಉಸಿರು ನಿಂತಿತ್ತು. ಅಣ್ಣ ನಬಿಸಾಬ ಆ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಅಳುತ್ತಿರಲಿಲ್ಲ. ಅದೇ ಅವನಿಗೆ ಮುಳುವಾಯಿತು.

"ನಾ ಕೆಳಗಿಂದ ಕಣ್ಣಾರೆ ನೋಡೇನ್ರಿ ಮೇಡಂ. ಎರಡೂ ಕೈಲೆ ಎದಿಗೆ ನೂಕಿದ," ಎಂದ ಅಂದಾನಪ್ಪ. ಮುಂಡರಗಿ ರಸ್ತೆಯ ಕಲ್ಲುಪುಡಿ ಗಿರಣಿಯ ಮಾಲೀಕ. ಗೌಸಸಾಬ ಅವನ ಆಳು. ಅಣ್ಣತಮ್ಮಂದಿರನ್ನು ತನ್ನ ಜೀಪಿನಲ್ಲಿ ದರ್ಗಾಕ್ಕೆ ಕರೆತಂದವನೂ ಅವನೇ.

"ಯಾಕ ನೂಕ್ತಾನ್ರಿ?" ಪಿಎಸ್‌ಐ ನೀಲಗಂಗವ್ವ ಕೇಳಿದಳು. ಮಾತು ಕಡಿಮೆ, ಅನುಮಾನ ಜಾಸ್ತಿ ಎಂಬುದು ಠಾಣೆಯಲ್ಲಿ ಅವಳಿಗಿದ್ದ ಹೆಸರು.

"ಹ್ವಾದ ವಾರ ಇವರ ಅವ್ವ ತೀರಿಕೊಂಡ್ಳು. ಆಕಿನ್ನ ಮಣ್ಣಾಗಿಡುವಾಗ ಗೌಸ ಜೋರಾಗಿ ನಕ್ಕ. ಇಂವ ಎಲ್ಲಾರ ಮುಂದ ಕಪಾಳಕ್ಕ ಹೊಡದ. 'ಅವ್ವನ ಬದಲಿ ನೀ ಸಾಯಬೇಕಿತ್ತು' ಅಂದ. ಊರೆಲ್ಲ ಕೇಳೇತಿ."

ನೀಲಗಂಗವ್ವ ನಬಿಸಾಬನ ಕಡೆ ತಿರುಗಿದಳು.

"ಹೊಡದದ್ದು ಖರೆ," ಎಂದ ಅವನು. "ಅಂದದ್ದೂ ಖರೆ. ನೂಕಿಲ್ರಿ."

ಜನ ಅಷ್ಟು ಹೊತ್ತಿಗಾಗಲೇ ತೀರ್ಪು ಕೊಟ್ಟಾಗಿತ್ತು. ತಾಯಿಯ ಸಾವಿಗೆ ನಕ್ಕವನು ಒಬ್ಬ, ತಮ್ಮನನ್ನು ಕೊಂದವನು ಇನ್ನೊಬ್ಬ. ಊರಿಗೆ ಇದಕ್ಕಿಂತ ಸುಲಭದ ಕತೆ ಸಿಗುತ್ತದೆಯೇ?

*

ಮೊದಲು ಎಲ್ಲರೂ ಕುಡಿತದ ಮಾತಾಡಿದರು. ಗೌಸಸಾಬ ತೂರಾಡುತ್ತಿದ್ದನಂತೆ, ಮಾತು ತೊದಲುತ್ತಿತ್ತಂತೆ. ಕುಡಿದವನ ಜೊತೆ ಜಗಳ, ಜಗಳದಲ್ಲಿ ನೂಕಾಟ. ಲೆಕ್ಕ ಸರಿಹೋಗುತ್ತಿತ್ತು. ಆದರೆ ಮರಣೋತ್ತರ ವರದಿ ಬಂತು. ದೇಹದಲ್ಲಿ ಹನಿ ಮದ್ಯವೂ ಇರಲಿಲ್ಲ.

ನೀಲಗಂಗವ್ವ ನಬಿಸಾಬನಿದ್ದ ಲಾಕಪ್ಪಿನ ಮುಂದೆ ಕುರ್ಚಿ ಹಾಕಿಕೊಂಡಳು.

"ದರ್ಗಾಕ್ಕ ಯಾಕ ಹೋಗಿದ್ರಿ?"

"ತಮ್ಮಗ ಏನೋ ಮೆಟ್ಟೈತಿ ಅಂತ ಅನಿಸಿತ್ರಿ. ಸುಮ್ಮಸುಮ್ಮನ ನಗೋದು. ಮುಖ ಮರಗಟ್ಟಿದಂಗ. ಹುಂಜ ನಡದಂಗ ತುದಿಗಾಲ ಮ್ಯಾಲ ನಡೀತಿದ್ದ."

"ಬಿದ್ದದ್ದು ಹೆಂಗ?"

"ನಮಸ್ಕಾರ ಮಾಡಿ ಹೊರಗ ಬರಾಕತ್ತಿದ್ವಿ. ಮಜಾರಿಗೆ, ಒಳಗಿನ ಸಂತರ ಗೋರಿಗೆ, ಬೆನ್ನ ತೋರಸಬಾರದಲ್ರಿ? ಹಿಂದಹಿಂದಕ್ಕ ಸರದು ಬರಬೇಕು. ಹೊಸ್ತಿಲು ಸಣ್ಣದು. ಮೊದಲ ನಾ ದಾಟಿ ಮೆಟ್ಟಲಾ ಇಳದೆ. ನನ್ನ ಮ್ಯಾಲಿನ ಮೆಟ್ಟಲದಾಗ ಅಂವ, ಬೆನ್ನ ನನ್ನ ಕಡೆ. ಒಮ್ಮಿಗೇಲೆ ಕಡದ ಗಿಡದಂಗ ನನ್ನ ಮ್ಯಾಲ ಬಿದ್ದ. ಹಿಡಿಯಾಕ ಆಗಲಿಲ್ಲ."

"ಅಂಗಿ ತಗೀರಿ."

ನಬಿಸಾಬನ ಎದೆಯ ಮೇಲೆ ದೊಡ್ಡ ಕಂದುಗಾಯ. ಎದುರು ನಿಂತು ನೂಕಿದವನಿಗೆ ಅಲ್ಲಿ ಪೆಟ್ಟು ಬೀಳುವುದಿಲ್ಲ. ಕೆಳಗೆ ನಿಂತು ತಡೆಯಲು ಹೋದವನಿಗೆ ಬೀಳುತ್ತದೆ. ಅಂದಾನಪ್ಪ ಸುಳ್ಳು ಹೇಳಿದ್ದ. ಯಾಕೆ?

*

ಗದಗಿನ ಆಸ್ಪತ್ರೆಯ ನರರೋಗ ತಜ್ಞೆ ಸ್ನೇಹಾ ಎಲ್ಲವನ್ನೂ ಕೇಳಿ ಒಂದೇ ಪ್ರಶ್ನೆ ಹಾಕಿದಳು.

"ಏನ್ ಕೆಲಸಾ ಮಾಡ್ತಿದ್ದ ಅಂವ?"

"ಕರಿ ಕಲ್ಲು ಬೀಸೋ ಗಿರಣಿಯೊಳಗ."

"ಆ ಕರಿ ಕಲ್ಲು ಮ್ಯಾಂಗನೀಸ್ ಅದಿರು." ಡಾಕ್ಟರ್ ಕುರ್ಚಿಗೆ ಒರಗಿದಳು. "ನೋಡ್ರಿ, ಮಿದುಳಿನ ನರಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಸಾಕ ಗ್ಲುಟಮೇಟ್ ಅನ್ನೋ ರಾಸಾಯನಿಕ ಚೆಲ್ಲತಾವ. ಸುದ್ದಿ ಮುಟ್ಟಿದ ಕೂಡಲೇ ಅದನ್ನ ಬಳದು ತಗೀಬೇಕು. ಆ ಕೆಲಸ ಬಾಜೂಕಿರೋ ಆಸರೆಯ ಕೋಶಗಳದ್ದು. ಎಷ್ಟು ಹೀರಬೇಕು, ಯಾವಾಗ ಹೀರಬೇಕು, ಎಲ್ಲಾ ಅವ ನೋಡ್ಕೋತಾವ."

"ಹೀರಲಿಲ್ಲಂದ್ರ?"

"ಚೆಲ್ಲಿದ್ದು ಅಲ್ಲೇ ನಿಲ್ಲತೈತಿ. ನರಕೋಶ ಕೆರಳಿ ಕೆರಳಿ ಸಾಯತಾವ. ಮ್ಯಾಂಗನೀಸ್ ಧೂಳು ಹೋಗಿ ಸೇರೋದು ಈ ಆಸರೆಯ ಕೋಶದಾಗನ. ಅವುಗಳ ಹೀರೋ ಶಕ್ತಿ ಕುಂದತೈತಿ. ಬ್ಯಾರೆ ಕೇಡೂ ಅದಾವ, ಆದರ ಇದು ದೊಡ್ಡದು. ಹುಂಜದ ನಡಿಗಿ, ಮರಗಟ್ಟಿದ ಮುಖ, ಕಾರಣ ಇಲ್ಲದ ನಗು. ಹಿಂದಕ್ಕ ಹೆಜ್ಜಿ ಇಟ್ಟರ ಸಾಕು, ಬೀಳತಾರ."

ನೀಲಗಂಗವ್ವ ಎದ್ದು ನಿಂತಳು. ಕುಡಿಯಲು ತರಿಸಿದ್ದ ಚಹಾ ಹಾಗೇ ಉಳಿಯಿತು.

*

ಗಿರಣಿಯ ಕಿಟಕಿಗಳಿಗೆಲ್ಲ ಗೋಣಿಚೀಲ ಬಡಿದಿದ್ದರು, ಪುಡಿ ಗಾಳಿಗೆ ಹೋಗಿ ನಷ್ಟವಾಗಬಾರದೆಂದು. ಒಳಗೆ ನಿಂತವರ ಹುಬ್ಬು, ಹಲ್ಲು, ಉಗುರು, ಎಲ್ಲವೂ ಕಪ್ಪು. ಯಂತ್ರದ ಬಾಯಿಗೆ ಕಲ್ಲು ಸುರಿಯಲು ಒಂದು ಎತ್ತರದ ಕಟ್ಟೆ. ಮುಂದೆ, ಯಂತ್ರದ ಬಾಯಿಯ ಕಡೆ, ತಡೆಯೇ ಇಲ್ಲ. ಹಿಂದೆ ಮಾತ್ರ ಸೊಂಟದೆತ್ತರಕ್ಕೆ ಹೊಸ ಕಬ್ಬಿಣದ ಪೈಪು.

ಅವಳು ಮಾಶಾಕನೆಂಬ ಹಳೆಯ ಆಳನ್ನು ಕರೆದಳು. ಬೆನ್ನ ಹಿಂದೆ ಕಾನ್‌ಸ್ಟೇಬಲ್ ಕೈ ಚಾಚಿ ನಿಂತ.

"ಸ್ವಲ್ಪ ಹಿಂದಕ್ಕ ಸರೀರಿ ಮಾಶಾಕ."

ಮಾಶಾಕ ಸರಿದ. ಮರುಗಳಿಗೆಯಲ್ಲೇ ಕಾನ್‌ಸ್ಟೇಬಲ್‌ನ ತೋಳಿಗೆ ಬಿದ್ದ. ಬಿದ್ದು ನಕ್ಕ. ಉಳಿದ ಯಾರೂ ನಗಲಿಲ್ಲ.

"ಈ ಪೈಪು ಯಾಕ ಹಾಕ್ಸೀರಿ ಅಂದಾನಪ್ಪಾರ?"

"ಮಂದಿ ಹಿಂದಕ್ಕ ಬೀಳತಾರಂತ್ರಿ, ಅದಕ್ಕ..."

"ಹಂಗಾರ ಬೀಳತಾರಂತ ನಿಮಗ ಗೊತ್ತಿತ್ತು. ಧೂಳು ನಿಲ್ಲಸಲಿಲ್ಲ. ದವಾಖಾನಿಗೆ ಕಳಸಲಿಲ್ಲ. ಪೈಪು ಹಾಕಿಸಿದ್ರಿ." ಅವಳ ದನಿ ಏರಲಿಲ್ಲ. "ಗೌಸಸಾಬ ತಾನಾಗೇ ಬಿದ್ದ ಅಂದ್ರ, ಯಾಕ ಬಿದ್ದ ಅಂತ ಕೇಳ್ತೀವಿ. ಕೇಳಿದ್ರ ಇಲ್ಲಿಗೆ ಬರ್ತೀವಿ. ಅಣ್ಣ ನೂಕಿದ ಅಂದ್ರ ಮನಿ ಜಗಳಕ್ಕ ಮುಗೀತು. ಖರೆ ಹೌದಲ್ರಿ?"

ಅಂದಾನಪ್ಪ ಆಳುಗಳ ಕಡೆ ನೋಡಿದ. ಅವರೂ ಅವನನ್ನೇ ನೋಡುತ್ತಿದ್ದರು. ಅವನು ತಲೆ ತಗ್ಗಿಸಿಕೊಂಡು ಪೊಲೀಸ್ ಜೀಪು ಹತ್ತಿದ.

*

ಮಾಶಾಕನ ಮಿದುಳಿನ ಸ್ಕ್ಯಾನ್ ಡಾಕ್ಟರ್ ಮಾತನ್ನು ನಿಜ ಮಾಡಿತು. ಗೌಸಸಾಬನ ಅಂಗಾಂಶದಲ್ಲೂ ಅದೇ ಲೋಹ ಸಿಕ್ಕಿತು. ನೀಲಗಂಗವ್ವ ತಾನೇ ಹೋಗಿ ಲಾಕಪ್ಪಿನ ಬಾಗಿಲು ತೆಗೆದಳು. ಎಲ್ಲವನ್ನೂ ಬಿಡಿಸಿ ಹೇಳಿದಳು.

ನಬಿಸಾಬ ಹೊರಗೆ ಬರಲಿಲ್ಲ. ನೆಲದ ಮೇಲೇ ಕೂತಿದ್ದ.

"ಹಂಗಾರ ಅವತ್ತ ಅವ್ವನ ಗೋರಿ ಮುಂದ..."

"ಆ ನಗು ಅವನ ಕೈಯಾಗ ಇರಲಿಲ್ಲ ನಬಿಸಾಬ. ಅವಗೂ ನಿಮ್ಮಷ್ಟ ದುಃಖ ಆಗಿತ್ತು."

"ಹೊಡದ ಮ್ಯಾಲೂ ನಕ್ಕನ್ರಿ ಅಂವ," ಎಂದ ನಬಿಸಾಬ. "ಅದಕ್ಕ ಇನ್ನೊಂದ ಹೊಡದೆ."

ಆಗ ಅವನಿಗೆ ಅಳು ಬಂತು. ನೀಲಗಂಗವ್ವ ಟೋಪಿ ತೆಗೆದು, ಅವನ ಪಕ್ಕ ನೆಲದ ಮೇಲೆ ಕೂತಳು.